ಏಳು ಮುಖದ ದಾಳ ಎಲ್ಲಿಂದ ತರೋದು?

ಗವೀಪುರದ ಗಾರುಡಿಗ:
ಎಲ್ಲರಿಗೂ ನಮಸ್ಕಾರ. ನಾವು ಐದು ಜನ ಭಾನುವಾರ ಮಧ್ಯಾಹ್ನ ಬಸವನಗುಡಿಯಲ್ಲಿ ನಮ್ಮ ಸೋದರತ್ತೆ ಮನೆ ಮಹಡಿ ಮೇಲೆ ಸೇರಿ ರೋಲ್‌ಪ್ಲೇ ಆಟ ಆಡ್ತೀವಿ, ಅಂದರೆ ಒಬ್ಬ ಕಥೆ ನಡೆಸ್ತಾನೆ, ಉಳಿದವರು ಅದರಲ್ಲಿ ಪಾತ್ರ ಆಗ್ತಾರೆ, ಏನಾಗುತ್ತೆ ಅನ್ನೋದನ್ನ ದಾಳ ಹೇಳುತ್ತೆ. ಕಥೆ ನಡೆಸೋನು ನಾನು. ಎರಡು ವರ್ಷ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿದ್ವಿ. ಅದಕ್ಕೆ ಮಾಮೂಲಿ ಸೆಟ್ಟು ಸಾಕಾಗ್ತಿತ್ತು: 4, 6, 8, 10, 12, 20 ಮುಖದ ದಾಳಗಳು, ಜೊತೆಗೆ ಹತ್ತತ್ತರ ಲೆಕ್ಕದ ಇನ್ನೊಂದು. ಈಗ ಹುಡುಗರ ಒತ್ತಾಯಕ್ಕೆ ಡಂಜನ್ ಕ್ರಾಲ್ ಕ್ಲಾಸಿಕ್ಸ್ ಹಿಡಿದಿದೀವಿ. ಅದು 3, 5, 7, 14, 16, 24, 30 ಮುಖದ ದಾಳ ಕೇಳುತ್ತೆ! ಪಾತ್ರಕ್ಕೆ ಅನುಕೂಲ ಇದ್ದರೆ ಹೆಚ್ಚು ಮುಖದ ದಾಳಕ್ಕೆ ಹತ್ತಬೇಕು, ತೊಂದರೆ ಇದ್ದರೆ ಕಡಿಮೆ ಮುಖದ್ದಕ್ಕೆ ಇಳೀಬೇಕು. ಹಾಗಾಗಿ ಈ ವಿಚಿತ್ರ ದಾಳಗಳನ್ನ ತಪ್ಪಿಸಿಕೊಳ್ಳೋಕೇ ಆಗಲ್ಲ.

ಹೋದ ವಾರ 14ರದ್ದು ಬೇಕಾಯ್ತು. 8ರದ್ದೂ 6ರದ್ದೂ ಸೇರಿದರೆ 14 ತಾನೇ ಅಂತ ಎರಡನ್ನೂ ಉರುಳಿಸಿ ಕೂಡಿಸಿದೆ. ನಮ್ಮಲ್ಲಿ ಒಬ್ಬಳು ಸಾಫ್ಟ್‌ವೇರ್ ಟೆಸ್ಟರ್ ಇದ್ದಾಳೆ, ತಪ್ಪು ಹುಡುಕೋದೇ ಕಸುಬು. 'ಇದರಲ್ಲಿ 1 ಬೀಳೋದು ಯಾವಾಗ?' ಅಂದಳು. ಬೀಳೋದೇ ಇಲ್ಲ! ಅವತ್ತಿಂದ ನನ್ನ ಮೇಲೆ ಯಾರಿಗೂ ನಂಬಿಕೆ ಇಲ್ಲ.

ಮೊಬೈಲ್ ಆ್ಯಪ್ ಅನ್ನಬೇಡಿ. ಅತ್ತೆ ಮಹಡಿ ಬಿಟ್ಟುಕೊಟ್ಟಿರೋದೇ ಫೋನೆಲ್ಲ ಮೆಟ್ಟಿಲ ಹತ್ರ ಪುಟ್ಟೀಲಿ ಹಾಕಬೇಕು ಅನ್ನೋ ಷರತ್ತಿನ ಮೇಲೆ. ಮನೇಲಿರೋದು ನಮ್ಮ ಸೆಟ್ಟು, ಒಂದು ಇಸ್ಪೀಟು ಕಟ್ಟು, ಅತ್ತೆಯ ಚೌಕಾಬಾರದ ನಾಲ್ಕು ಕವಡೆ. ಏನಾದರೂ ದಾರಿ ಇದೆಯಾ?

ದೊನ್ನೆ ಬಿರಿಯಾನಿ:
ಆ ಸೆಟ್ಟು ಆನ್‌ಲೈನಲ್ಲಿ ಸಿಗುತ್ತೆ ಗುರು, ತರಿಸ್ಕೊಂಡುಬಿಡಿ.

ಗವೀಪುರದ ಗಾರುಡಿಗ:
ಆರ್ಡರ್ ಹಾಕಿದೀನಿ ಗುರು. ಅದು ಬರೋ ಮುಂಚೆ ಭಾನುವಾರ ಬರುತ್ತಲ್ಲ.

ಲೆಕ್ಕದ ಮೇಡಂ:
ನಾನು ಮೂವತ್ತು ವರ್ಷ ಹೈಸ್ಕೂಲಲ್ಲಿ ಗಣಿತ ಹೇಳಿದವಳು. ಮೊಮ್ಮಗನ ದೆಸೆಯಿಂದ ಈ ಆಟ ಗೊತ್ತು. ನಿಮ್ಮ ಟೆಸ್ಟರ್ ಹುಡುಗಿ ಹೇಳಿದ್ದು ಸರಿ, ಆದರೆ ಅರ್ಧ ತಪ್ಪು ಮಾತ್ರ ಹಿಡಿದಿದಾಳೆ. 8ರದ್ದು, 6ರದ್ದು ಕೂಡಿದರೆ ಒಟ್ಟು 48 ಜೋಡಿ. 14 ಬರೋದು ಒಂದೇ ಜೋಡಿಯಿಂದ. 7, 8, 9 ಒಂದೊಂದಕ್ಕೂ ಆರಾರು ಜೋಡಿ. ಅಂದರೆ ನಿಮ್ಮ ದಾಳ ಸದಾ ನಡುಮಧ್ಯಕ್ಕೇ ವಾಲುತ್ತೆ.

ಎರಡು ದಾಳವನ್ನ ಕೂಡಿಸಬೇಡಿ. ಒಂದು ಅಂಕಿ ಹೇಳಲಿ, ಇನ್ನೊಂದು ಆ ಅಂಕಿ ಯಾವ ಗುಂಪಿನದು ಅಂತ ಹೇಳಲಿ. 30 ಬೇಕಾ? 10ರದ್ದರ ಜೊತೆ 6ರದ್ದು ಹಾಕಿ. 6ರದ್ದರಲ್ಲಿ 1, 2 ಬಿದ್ದರೆ 10ರದ್ದು ಹೇಳಿದ್ದೇ ಲೆಕ್ಕ (ಸೊನ್ನೆ ಬಿದ್ದರೆ ಹತ್ತು), 3, 4 ಬಿದ್ದರೆ ಅದಕ್ಕೆ 10 ಸೇರಿಸಿ, 5, 6 ಬಿದ್ದರೆ 20. ಆಗ ಪ್ರತಿ ಅಂಕಿಗೂ ಬರೋದಕ್ಕೆ ಸರಿಸಮ ದಾರಿ. 24ಕ್ಕೆ 12ರದ್ದರ ಜೊತೆ 6ರದ್ದು: ಬೆಸ ಬಿದ್ದರೆ ಹಾಗೇ, ಸಮ ಬಿದ್ದರೆ 12 ಸೇರಿಸಿ. 16ಕ್ಕೆ 8ರದ್ದನ್ನ ಇಟ್ಟುಕೊಂಡು ಇದೇ ಉಪಾಯ. 3ಕ್ಕೆ 6ರದ್ದನ್ನ, 5ಕ್ಕೆ 10ರದ್ದನ್ನ ಅರ್ಧ ಮಾಡಿ, ಅರೆ ಉಳಿದರೆ ಮೇಲಕ್ಕೆ ಏರಿಸಿ.

7 ಮಾತ್ರ ಯಾವುದಕ್ಕೂ ಬಗ್ಗದ ಜಾತಿ. 8ರದ್ದು ಹಾಕಿ, 8 ಬಿದ್ದರೆ ಮತ್ತೆ ಹಾಕಿ, ಅಷ್ಟೇ. ಆ ಏಳಕ್ಕೆ ಬೆಸ-ಸಮದ ದಾಳ ಜೋಡಿಸಿದರೆ ನಿಮ್ಮ 14. ಎರಡನ್ನೂ ಒಟ್ಟಿಗೇ ಎಸೀರಿ, ಯಾವ ಬಣ್ಣದ್ದು ಅಂಕಿ, ಯಾವುದು ಗುಂಪು ಅಂತ ಎಸೆಯೋ ಮುಂಚೆ ಬಾಯಿಬಿಟ್ಟು ಹೇಳಿ. ಆಮೇಲೆ ಹೇಳಿದರೆ ಜಗಳ ಗ್ಯಾರಂಟಿ.

ಚಿಕ್ಕಪೇಟೆ ಚೀಟಿ:
ಮನೇಲಿ ಹೌಸಿ ಡಬ್ಬ ಇದ್ದರೆ ಇಷ್ಟೆಲ್ಲ ಯಾಕೆ? 1ರಿಂದ 90ರ ತನಕ ಬಿಲ್ಲೆ ಇರುತ್ತೆ. 14 ಬೇಕಾದರೆ ಮೊದಲ ಹದಿನಾಲ್ಕು ಬಿಲ್ಲೆ ಚೀಲಕ್ಕೆ ಹಾಕಿ ಒಂದು ತೆಗೀರಿ. ತೆಗೆದಿದ್ದನ್ನ ವಾಪಸ್ ಹಾಕಿ ಕಲಕಬೇಕು. ನಾವು ಒಮ್ಮೆ ಹಾಕೋದು ಮರೆತು, ಅರ್ಧ ಗಂಟೆ ಯಾರಿಗೂ 11 ಬರದೆ ಡ್ರ್ಯಾಗನ್ ಸಾಯಲೇ ಇಲ್ಲ.

ಗವೀಪುರದ ಗಾರುಡಿಗ:
ಮೇಡಂ, ಕೈ ಮುಗಿದೆ. ಇನ್ನೊಂದು ತಲೆಹರಟೆ: ನಾಲ್ಕು ಕವಡೆಗೆ ಅಂಗಾತ, ಬೋರಲು ಸೇರಿ 16 ಬಗೆ ಆಗುತ್ತಲ್ಲ, ಗುರುತು ಮಾಡಿಕೊಂಡರೆ 16ರ ದಾಳ ಸಿಕ್ಕಿದ ಹಾಗೇ ಅಲ್ವಾ?

ಲೆಕ್ಕದ ಮೇಡಂ:
ಕವಡೆ ನಾಣ್ಯದ ಹಾಗೆ ಸಮ ಅಲ್ಲ ಕಣಪ್ಪ. ಬೆನ್ನು ಉಬ್ಬಿದೆ, ಬಾಯಿ ಚಪ್ಪಟೆ. ಅಂಗಾತ ಬೀಳೋದೂ ಬೋರಲು ಬೀಳೋದೂ ಒಂದೇ ಸಮ ಇರಲ್ಲ, ಕವಡೆಯಿಂದ ಕವಡೆಗೂ ಬೇರೆ. ಇದಕ್ಕೆ ಗಣಿತಜ್ಞ ಜಾನ್ ವಾನ್ ನಾಯ್ಮನ್ 1951ರಲ್ಲಿ ಒಂದು ಉಪಾಯ ಹೇಳಿದಾನೆ. ಒಂದೇ ಕವಡೆ ಎರಡು ಸಲ ಹಾಕು. ಮೊದಲು ಅಂಗಾತ, ಆಮೇಲೆ ಬೋರಲು ಬಂದರೆ 'ಹೌದು'. ಮೊದಲು ಬೋರಲು, ಆಮೇಲೆ ಅಂಗಾತ ಬಂದರೆ 'ಇಲ್ಲ'. ಎರಡೂ ಒಂದೇ ಥರ ಬಿದ್ದರೆ ಲೆಕ್ಕಕ್ಕಿಲ್ಲ, ಮತ್ತೆ ಹಾಕು. ಕವಡೆ ಎಷ್ಟೇ ವಾಲಿರಲಿ, ಆ ಎರಡು ಕ್ರಮ ಬೀಳೋ ಸಾಧ್ಯತೆ ಸಮವೇ. ಹೀಗೆ ನಾಲ್ಕು ಸಲ ಹೌದು-ಇಲ್ಲ ಸಿಕ್ಕರೆ 16 ಬಗೆ. ತಾಳ್ಮೆ ಇದ್ದರೆ ಮಾತ್ರ.

ಗವೀಪುರದ ಗಾರುಡಿಗ:
ಭಾನುವಾರ ಆಯ್ತು, ವರದಿ ಒಪ್ಪಿಸ್ತೀನಿ. ಅಂಕಿ-ಗುಂಪಿನ ದಾಳಕ್ಕೆ ಟೆಸ್ಟರ್ ಹುಡುಗಿಯ ಒಪ್ಪಿಗೆ ಸಿಕ್ತು. ಕೆಂಪು ದಾಳ ಗುಂಪಿಗೆ ಅಂತ ಗೋಡೆ ಮೇಲೆ ಚೀಟಿ ಅಂಟಿಸಿದೀವಿ. 14 ಎರಡು ಸಲ ಬೇಕಾಯ್ತು, ಎರಡೂ ಸಲ ತಕರಾರಿಲ್ಲ.

ಕವಡೆ ಒಂದೇ ಸಲ ಹಾಕಿದ್ವಿ. ಈ ಆಟದಲ್ಲಿ ಶುರುವಿಗೆ ಒಬ್ಬೊಬ್ಬರಿಗೂ ಮೂರ್ನಾಲ್ಕು ಬಡಪಾಯಿ ಹಳ್ಳಿಗರು ಸಿಗ್ತಾರೆ, ಬಹುಪಾಲು ಸಾಯ್ತಾರೆ. ಒಬ್ಬ ಕುರುಬ ಬಾವಿ ಅಂಚಲ್ಲಿ ನೇತಾಡ್ತಿದ್ದ. ಉಳೀತಾನಾ ಅನ್ನೋದನ್ನ ಕವಡೆಗೆ ಬಿಟ್ಟೆ. ಮೇಡಂ ಹೇಳಿದ ಉಪಾಯ ಅವಸರಕ್ಕೆ ಬರಲ್ಲ, ನಾಲ್ಕನ್ನೂ ಒಟ್ಟಿಗೆ ಹಾಕೋದು, ಬೋರಲೇ ಜಾಸ್ತಿ ಬಿದ್ದರೆ ಸತ್ತ ಅಂತ ಮಾತಾಯ್ತು. ಬಿದ್ದಿದ್ದು ನಾಲ್ಕೂ ಬೋರಲು. ಸತ್ತ ಅಂತ ಹೇಳೋಕೆ ಬಾಯಿ ತೆಗೆದೆ. ಕಾಫಿ ತಂದಿದ್ದ ಅತ್ತೆ ತಟ್ಟೆ ಕೆಳಗಿಟ್ಟು, 'ಅದು ಎಂಟು ಕಣೋ, ಬಾರ ಬಿದ್ದಿದೆ! ಇನ್ನೊಂದು ಗರ ಕೊಡದೆ ಅವನನ್ನ ಹೇಗೋ ಸಾಯಿಸ್ತೀಯ?' ಅಂದರು.

ಕೊಟ್ಟೆ. ಮೂರು ಅಂಗಾತ. ಕುರುಬ ಬದುಕಿದಾನೆ. ಮುಂದಿನ ವಾರದಿಂದ ಅವನನ್ನ ಆಡಿಸೋದು ಅತ್ತೆಯಂತೆ.