ಸಹಾಯ ಬೇಕು: ಹಳೇ ಹೆಂಚು ಉಳಿಸೋದಾ, ಶೀಟ್ ಹಾಕಿಸೋದಾ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಮ್ಮಜ್ಜನ ಕಾಲದ ಹೆಂಚಿನ ಮನೆ. ಈ ಮಳೆಗಾಲ ಅಡುಗೆಮನೆಯಲ್ಲಿ ಮೂರು ಕಡೆ ಪಾತ್ರೆ ಇಟ್ಟಿದ್ದೇವೆ. ಮೊನ್ನೆ ಮಳೆ ಬಿಟ್ಟು ಹೊಳವಾದಾಗ ಏಣಿ ಹತ್ತಿ ನೋಡಿದೆ. ಮಂಗಳೂರು ಹೆಂಚು ಪಾಚಿ ಕಟ್ಟಿ ಕಪ್ಪಾಗಿದೆ ಅಷ್ಟೇ, ತಟ್ಟಿದರೆ ಈಗಲೂ ಠಣ್ ಅನ್ನುತ್ತೆ. (1865ರಲ್ಲಿ ಬಾಸೆಲ್ ಮಿಶನ್‌ನವರು ಶುರುಮಾಡಿದ ಕಸುಬು, ಸುಮ್ಮನೆ ಅಲ್ಲ!) ಕೈಕೊಟ್ಟಿದ್ದು ರೀಪು (ಹೆಂಚು ಕೂರುವ ಅಡ್ಡ ಮರದ ಪಟ್ಟಿ). ಒರಲೆ ತಿಂದು, ಉಗುರಲ್ಲಿ ಒತ್ತಿದರೆ ಪುಡಿ ಉದುರುತ್ತೆ.

"ಎಲ್ಲ ಇಳಿಸಿ ಕಲರ್ ಶೀಟ್ ಹಾಕ್ಸಿ, 20 ವರ್ಷ ಚಿಂತೆ ಇಲ್ಲ" ಅಂತಾರೆ ಮೇಸ್ತ್ರಿ. ನನಗೆ ನಂಬಿಕೆ ಬರ್ತಿಲ್ಲ. ಕೊಟ್ಟಿಗೆಯ ಶೀಟಲ್ಲಿ 8ನೇ ವರ್ಷಕ್ಕೇ ಸ್ಕ್ರೂ ಕೆಳಗಿನ ರಬ್ಬರ್ ವಾಷರ್ ಬಿಸಿಲಿಗೆ ಸೀಳಿ, ಸುತ್ತ ತುಕ್ಕು ಹಿಡೀತು. ಬಚ್ಚಲಿನ ತಾರಸಿಗೆ ಬಳಿಸಿದ ವಾಟರ್‌ಪ್ರೂಫ್ ಪೇಂಟ್ 4ನೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬಂತು.

ಹಳೇ ಹೆಂಚೇ ಉಳಿಸ್ಕೊಂಡು, ರೀಪಿನ ಜಾಗಕ್ಕೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಹಾಕಿಸಿದವರು ಯಾರಾದ್ರೂ ಇದ್ದೀರಾ? ಎಷ್ಟು ವರ್ಷ ಆಯ್ತು, ವೆಲ್ಡಿಂಗ್ ಮಾಡಿದಲ್ಲಿ ತುಕ್ಕು ಬಂತಾ? ಹೆಂಚಿಗೆ ಪೇಂಟ್ ಹೊಡೆಸಿದವರು, ಎಷ್ಟು ವರ್ಷಕ್ಕೆ ಮತ್ತೆ ಹೊಡೆಸಬೇಕಾಯ್ತು ಅಂತಲೂ ತಿಳಿಸಿ. ದೀಪಾವಳಿ ಕಳೆದ ಮೇಲೆ ಕೆಲಸ ಶುರು. ಫೋಟೋ ಇದ್ದರೆ ದಯವಿಟ್ಟು ಹಾಕಿ.