ಪದಚರ್ಚೆ: ಹೊಲಕ್ಕೆ ಹೋಗದ ಕಾಲುವೆಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದ ನಾಲ್ಕು ದಿನದಿಂದ ತಲೆ ತಿಂತಾ ಇದೆ.

ಅಮೆರಿಕದ ಲೋವೆಲ್ ಊರಿನ ಬಟ್ಟೆ ಮಿಲ್ಲುಗಳ ಬಗ್ಗೆ ಕಾಲೇಜಿನ ಸಂಚಿಕೆಗೆ ಬರೆಯುತ್ತಿದ್ದೇನೆ. ದಾವಣಗೆರೆಯವರಿಗೆ ಮಿಲ್ಲಿನ ಕಥೆಗೆ ಪೀಠಿಕೆ ಬೇಕಿಲ್ಲ, ಅಲ್ವಾ. "ನಾಲೆಗಳ ದಂಡೆಯಲ್ಲಿ ಮಿಲ್ಲುಗಳು ಎದ್ದವು" ಅಂತ ಬರೆದು ನಮ್ಮ ದೊಡ್ಡಪ್ಪನಿಗೆ ಓದಿ ಹೇಳಿದೆ. ಅವರು ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆದವರು. "ಅಲ್ಲೇನ್ ಹಾಕ್ತಿದ್ರು, ಭತ್ತನೋ ಕಬ್ಬೋ?" ಅಂದರು. ಏನೂ ಇಲ್ಲ, ನೀರು ಮಿಲ್ಲಿನ ಚಕ್ರ ತಿರುಗಿಸಿ ಮತ್ತೆ ಹೊಳೆಗೇ ಹೋಗುತ್ತಿತ್ತು ಅಂದೆ. "ತಿರುಗ ಹೊಳೀಗೇ ಬಿದ್ರೆ ಅದೆಂಥಾ ಚಾನಲ್ಲಪ್ಪಾ! ಸುಮ್ನೆ ಊರು ಸುತ್ತಿ ಬಂದಂಗಾತು."

ಅಲ್ಲಿಗೆ ನನ್ನ ವಾಕ್ಯ ಕೆಟ್ಟಿತು. ನಮ್ಮ ಕಡೆ ನಾಲೆ ಅಂದರೆ ಸೂಳೆಕೆರೆಯ ಸಿದ್ದನಾಲೆ, ಬಸವನಾಲೆ. ಚಾನಲ್ ಅಂದರೆ ಭದ್ರಾ. ಯಾವ ಮಾತು ಹಾಕಿದರೂ ಓದುವವರ ಕಣ್ಣಿಗೆ ತೂಬು, ಗದ್ದೆ, ನೀರಿನ ಜಗಳ ಇವೇ ಬರುತ್ತವೆ.

ಲೋವೆಲ್‌ನಲ್ಲಿ ಆಗಿದ್ದು ಹೀಗೆ. ಮೆರಿಮ್ಯಾಕ್ ಹೊಳೆ ಪಾಟಕೆಟ್ ಜಲಪಾತದ ಹತ್ತಿರ 30 ಅಡಿಗೂ ಜಾಸ್ತಿ ಕೆಳಗಿಳಿಯುತ್ತದೆ. ಅದನ್ನು ತಪ್ಪಿಸಿ ಮರದ ದಿಮ್ಮಿ, ದೋಣಿ ಸಾಗಿಸಲು 1796ರಲ್ಲಿ ಒಂದು ಕಾಲುವೆ ಮಾಡಿದ್ದರು. 1820ರ ದಶಕದಲ್ಲಿ ಬಾಸ್ಟನ್ನಿನ ಸಾಹುಕಾರರು ಆ ಕಾಲುವೆಯನ್ನೇ ಕೊಂಡರು, ಅಗಲ ಮಾಡಿಸಿದರು, ಕವಲು ತೆಗೆದರು. ಕವಲು ಹೋದ ಕಡೆಯೆಲ್ಲಾ ಮಿಲ್ಲು, ಮಿಲ್ಲಿನ ಹಿಂದೆ ಕೆಲಸದ ಹುಡುಗಿಯರ ವಸತಿಮನೆ, ಅದರ ಹಿಂದೆ ಅಂಗಡಿ ಬೀದಿ. 1826ಕ್ಕೆ ಅದು ಬೇರೆಯೇ ಊರಾಯಿತು. ಕೊನೆಗೆ ಕಾಲುವೆಗಳ ಉದ್ದ ಸುಮಾರು 9 ಕಿಲೋಮೀಟರ್ ಆಯಿತು. ಊರಿನ ನಕ್ಷೆ ಬರೆದದ್ದು ನೀರೇ.

ಮಜಾ ಇರುವುದು ವ್ಯಾಪಾರದಲ್ಲಿ. ಕಾಲುವೆ ಕಂಪನಿ ಮಿಲ್ಲುಗಳಿಗೆ ನೀರನ್ನು ಗುತ್ತಿಗೆಗೆ ಕೊಡುತ್ತಿತ್ತು. ಅಳತೆಯ ಹೆಸರು 'ಮಿಲ್ ಪವರ್'. ಒಂದು ಮಿಲ್ ಪವರ್ ಅಂದರೆ 30 ಅಡಿ ಎತ್ತರದಿಂದ ಬೀಳುವ 25 ಕ್ಯೂಸೆಕ್ ನೀರು. ಚಕ್ರದಲ್ಲಿ ಪೋಲಾಗುವುದನ್ನು ಲೆಕ್ಕ ಹಿಡಿಯದಿದ್ದರೆ ಸುಮಾರು 85 ಕುದುರೆ ಬಲ. ಆ ಇಳಿತವನ್ನೂ ಎರಡು ಮೆಟ್ಟಿಲು ಮಾಡಿದ್ದರು, ಮೇಲೆ 13 ಅಡಿ, ಕೆಳಗೆ 17 ಅಡಿ. ಮೇಲಿನ ಮಿಲ್ಲು ಬಳಸಿ ಬಿಟ್ಟ ನೀರನ್ನೇ ಕೆಳಗಿನ ಮಿಲ್ಲಿಗೆ ಮತ್ತೆ ಮಾರುವುದು! ಅಂದರೆ ಮಾರುತ್ತಿದ್ದದ್ದು ನೀರನ್ನಲ್ಲ, ನೀರು ಬೀಳುವುದನ್ನು.

ಈ 'ಬೀಳುವುದಕ್ಕೆ' ಏನನ್ನೋಣ? 'ಬೀಳು' ಅಂದರೆ ನಮ್ಮವರು ಬಿತ್ತದೆ ಬಿಟ್ಟ ಹೊಲ ಅಂದುಕೊಳ್ಳುತ್ತಾರೆ. 'ಇಳಿತ' ಅಂದರೆ ಮಂಗಳೂರಿನವರಿಗೆ ಸಮುದ್ರ. ಇಂಜಿನಿಯರುಗಳು 'ಹೆಡ್' ಅಂದು ಕೈತೊಳೆದುಕೊಂಡಿದ್ದಾರೆ. ಚಕ್ರಕ್ಕೆ ನೀರು ತರುವ ಕಾಲುವೆ 'ಹೆಡ್ ರೇಸ್', ನೀರು ಬಿಟ್ಟುಹೋಗುವುದು 'ಟೇಲ್ ರೇಸ್'. ಅದನ್ನು 'ಕೊನೆಗಾಲುವೆ' ಅಂದರೋ, ಇಲ್ಲಿ ಕೊನೆ ಭಾಗ ಅಂದರೆ ನೀರೇ ಮುಟ್ಟದ ಜಾಗ. ಅಲ್ಲಿ ನೀರೆಲ್ಲಾ ಬಂದು ಸೇರುವುದೇ ಕೊನೆಗೆ. ಪೂರಾ ಉಲ್ಟಾ.

ಇನ್ನು 'ಮಿಲ್'. ಮೊದಲು ಅದರ ಅರ್ಥ ಬೀಸುವುದು, ಅಷ್ಟೇ. ನೀರಿನ ಚಕ್ರಕ್ಕೆ ಬೀಸುಕಲ್ಲು ಕಟ್ಟುತ್ತಿದ್ದರು. 1771ರಲ್ಲಿ ಇಂಗ್ಲೆಂಡಿನ ಕ್ರಾಮ್‌ಫರ್ಡ್‌ನಲ್ಲಿ ಆರ್ಕ್‌ರೈಟ್ ನೀರಿನ ಚಕ್ರಕ್ಕೆ ನೂಲುವ ಯಂತ್ರ ಕಟ್ಟಿದ. ಹಿಟ್ಟು ಹೋಗಿ ನೂಲು ಬಂದರೂ ಹೆಸರು ಬದಲಾಗಲಿಲ್ಲ. ಆಮೇಲೆ ನೀರು ಹೋಗಿ ಉಗಿ ಬಂತು, ಆಗಲೂ ಮಿಲ್ಲೇ. ನಮ್ಮ 'ಗಿರಣಿ'ಯೂ ಹಿಟ್ಟು, ಬಟ್ಟೆ ಎರಡಕ್ಕೂ ಆಗುತ್ತದೆ, ಆದರೆ ಪೇಟೆಯ ಮಾತಿನಲ್ಲಿ ಬೀಸಿಸುವುದು ಗಿರಣಿ, ನೂಲುವುದು ಮಿಲ್. ಹಾಗಾಗಿ 'ಮಿಲ್' ಹಾಗೇ ಇಟ್ಟಿದ್ದೇನೆ.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಾರಲ್ಲ, ಆ ಮ್ಯಾಂಚೆಸ್ಟರಿಗೆ 1761ರಲ್ಲಿ ಬಂದ ಕಾಲುವೆ ಕಲ್ಲಿದ್ದಲಿನ ದೋಣಿಗಳ ದಾರಿ. ಅದು ಗದ್ದೆಗೂ ಅಲ್ಲ, ಚಕ್ರಕ್ಕೂ ಅಲ್ಲ. ನಮ್ಮ ಮಿಲ್ಲುಗಳಿಗೋ ಸುತ್ತಲಿನ ಹತ್ತಿ, ರೈಲು ಸಾಕಾಯಿತು. ಹೊಳೆ ಇರುವುದು ಹರಿಹರದಲ್ಲಿ. ಅದಕ್ಕೇ ಮಿಲ್ಲಿನ ಚಕ್ರ ತಿರುಗಿಸುವ ಕಾಲುವೆಗೆ ಬೇರೆ ಪದ ಇಲ್ಲಿ ಯಾರಿಗೂ ಬೇಕಾಗಲಿಲ್ಲ ಅಂತ ಕಾಣುತ್ತದೆ.

ಪದದ ಬೇರು ನೋಡಿದರೆ ತಮಾಷೆ. ಇಂಗ್ಲಿಷಿನ 'ಕೆನಾಲ್' ಲ್ಯಾಟಿನ್ನಿನ ಜೊಂಡಿನ ಕೊಳವೆಯಿಂದ ಬಂದದ್ದು, ಸಂಸ್ಕೃತದ 'ನಾಳ' ತಾವರೆಯ ಟೊಳ್ಳು ದಂಟು. ಎರಡು ಕಡೆಯೂ ಬರೀ ಕೊಳವೆ. ಗದ್ದೆ ಸೇರಿಸಿದವರು ನಾವೇ.

ಸದ್ಯಕ್ಕೆ ದೊಡ್ಡಪ್ಪನ ಬೈಗುಳದಿಂದಲೇ ಎತ್ತಿ 'ಸುತ್ತುಗಾಲುವೆ' ಅಂತ ಹಾಕಿದ್ದೇನೆ. ಹೊಳೆಯಿಂದ ಹೊರಟು ಊರು ಸುತ್ತಿ ಹೊಳೆಗೇ ಸೇರುವುದು. ಕಿವಿಗೆ ಸರಿ ಅನ್ನಿಸುತ್ತದೆಯಾ? ಮಲೆನಾಡಿನ ಕಡೆ ನೀರಿನಿಂದ ತಿರುಗುವ ಕಲ್ಲಿಗೋ ಚಕ್ರಕ್ಕೋ ಅಜ್ಜ-ಅಜ್ಜಿಯರ ಮಾತು ಏನಾದರೂ ಇದ್ದರೆ ದಯವಿಟ್ಟು ತಿಳಿಸಿ. ಮತ್ತೆ ಆ 'ಬೀಳು'ವಿಗೆ ಒಂದು ದಾರಿ ತೋರಿಸಿ, ಸೋಮವಾರ ಪ್ರೆಸ್ಸಿಗೆ ಕೊಡಬೇಕು.