ರೇಸ್ ಬೆಟ್ಟಿಂಗ್‌ಗೆ 40% ಜಿಎಸ್‌ಟಿ, ಲಾಯದವರಿಗೆ ಯಾಕೆ ಹೊಡೆತ?

ಹಾಸನ_ಹುಡುಗ:
ನಮ್ಮ ಚಿಕ್ಕಪ್ಪ ಮೈಸೂರಲ್ಲಿ ರೇಸ್ ಕುದುರೆ ನೋಡಿಕೊಳ್ಳುತ್ತಾರೆ. ಮಾಲೀಕರು ಒಂದೊಂದೇ ಕುದುರೆ ಮಾರುತ್ತಿದ್ದಾರಂತೆ, ಎಲ್ಲಾ ಜಿಎಸ್‌ಟಿಯಿಂದ ಅನ್ನುತ್ತಾರೆ. ತೆರಿಗೆ ಬೆಟ್ ಕಟ್ಟುವವರ ಮೇಲೆ ತಾನೆ? ಲಾಯದವರ ಹೊಟ್ಟೆಗೆ ಯಾಕೆ ಬೀಳುತ್ತದೆ? ಗೊತ್ತಿರುವವರು ಬಿಡಿಸಿ ಹೇಳಿ.

ಸಕಲೇಶಪುರದವ:
40% ಅನ್ನೋದಕ್ಕಿಂತ, ಅದನ್ನು ಯಾವುದರ ಮೇಲೆ ಹಾಕುತ್ತಾರೆ ಅನ್ನೋದು ಮುಖ್ಯ ತಮ್ಮಾ. ಟೋಟ್, ಅಂದರೆ ರೇಸ್ ಕ್ಲಬ್‌ನ ಬೆಟ್ಟಿಂಗ್ ಕೌಂಟರ್‌ನಲ್ಲಿ, ಎಲ್ಲರ ದುಡ್ಡೂ ಒಂದು ಕಡೆ ಸೇರುತ್ತದೆ, ಕ್ಲಬ್ ತನ್ನ ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಗೆದ್ದವರಿಗೆ ಹಂಚುತ್ತದೆ. 100 ರೂಪಾಯಿಗೆ ಕಮಿಷನ್ 10 ಅಂತ ಇಟ್ಟುಕೋ. ಕಮಿಷನ್ ಮೇಲೆ 40% ಅಂದರೆ 4 ರೂಪಾಯಿ. ಕಟ್ಟಿದ ಪೂರ್ತಿ ದುಡ್ಡಿನ ಮೇಲೆ ಅಂದರೆ 40! ಈಗ ಇರುವುದು ಈ ಎರಡನೆಯದು.

2017ರಲ್ಲಿ 28% ಇತ್ತು, ಆಗಲೂ ಪೂರ್ತಿ ದುಡ್ಡಿನ ಮೇಲೇ. ಕಮಿಷನ್ ಮೇಲೆ ಮಾತ್ರ ಹಾಕಬೇಕು ಅಂತ 2021ರಲ್ಲಿ ನಮ್ಮ ಹೈಕೋರ್ಟ್ ಹೇಳಿತು. ಆಮೇಲೆ ಕೇಂದ್ರ ಕಾನೂನನ್ನೇ ತಿದ್ದಿ, 2023ರ ಅಕ್ಟೋಬರ್‌ನಿಂದ ಮತ್ತೆ ಪೂರ್ತಿ ದುಡ್ಡಿನ ಮೇಲೆ ಅಂತ ಗಟ್ಟಿ ಮಾಡಿತು. 2025ರ ಸೆಪ್ಟೆಂಬರ್ 22ರಿಂದ 40%. ಇದರ ಮೇಲೆ 10,000 ರೂಪಾಯಿ ದಾಟಿ ಗೆದ್ದರೆ 30% ಟಿಡಿಎಸ್ (ಗೆದ್ದ ದುಡ್ಡು ಕೊಡುವಾಗಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಬೇರೆ.

ಇಷ್ಟೆಲ್ಲಾ ಕಟ್ಟಿ ಕೌಂಟರ್‌ನಲ್ಲಿ ಯಾರು ಆಡುತ್ತಾರೆ ಹೇಳು? ಫೋನಲ್ಲಿ ಕಳ್ಳ ಬುಕ್ಕಿ ಸಿಗುತ್ತಾನೆ, ಅವನಿಗೆ ಯಾವ ತೆರಿಗೆಯೂ ಇಲ್ಲ. ಕೌಂಟರ್ ದುಡ್ಡು ಇಳಿದರೆ ಕಮಿಷನ್ ಇಳಿಯುತ್ತದೆ, ಗೆದ್ದ ಕುದುರೆಗೆ ಕೊಡುವ ಬಹುಮಾನ ಬರುವುದೂ ಹೆಚ್ಚಾಗಿ ಅಲ್ಲಿಂದಲೇ. ಬಹುಮಾನ ಸಣ್ಣದಾದರೆ ಮಾಲೀಕ ಮೇವು, ಲಾಳ, ಔಷಧಿ, ಸಂಬಳ ಅಂತ ತಿಂಗಳು ತಿಂಗಳು ಯಾಕೆ ಸುರಿಯುತ್ತಾನೆ? ಮಾರುತ್ತಾನೆ. ನಿಮ್ಮ ಚಿಕ್ಕಪ್ಪನ ಕೆಲಸಕ್ಕೆ ಕುತ್ತು ಬರುವುದು ಹೀಗೆ.

ಕಡೂರಿನ_ಅಕ್ಕ:
ನನಗೆ ಇದು ಒಪ್ಪಿಗೆ ಇಲ್ಲ. ಬೆಟ್ಟಿಂಗ್‌ಗೆ ಜಮೀನು ಕಳೆದುಕೊಂಡವರ ಮನೆ ನಮ್ಮ ಊರಲ್ಲೇ ಇದೆ, ಆ ಮನೆ ಹೆಂಗಸರ ಕಷ್ಟ ನೋಡಿದ್ದೇನೆ. ಜೂಜಿಗೆ ತೆರಿಗೆ ಜಾಸ್ತಿ ಇರಲೇಬೇಕು.

ಸಕಲೇಶಪುರದವ:
ಅಕ್ಕ, ನಿಮ್ಮ ಸಂಕಟ ಸುಳ್ಳಲ್ಲ. ಆದರೆ ಸಾಲಕ್ಕೆ ಆಡಿಸುವವನು ಆ ಕಳ್ಳ ಬುಕ್ಕಿಯೇ ಅಲ್ವಾ? ಕೌಂಟರ್‌ನಲ್ಲಿ ಕೈಯಲ್ಲಿದ್ದಷ್ಟೇ ಆಡಲು ಆಗುವುದು. ಅಲ್ಲದೆ ಕುದುರೆ ರೇಸ್ ಕೌಶಲದ ಆಟ ಅಂತ 1996ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಲಾಟರಿ ಜೊತೆ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ.

ಕಡೂರಿನ_ಅಕ್ಕ:
ಹಾಗಾದರೆ ಮೊದಲು ಆ ಬುಕ್ಕಿಗಳನ್ನು ಹಿಡಿಯಲಿ. ಅದನ್ನು ಮಾಡದೆ ಸುಮ್ನೆ ತೆರಿಗೆ ಏರಿಸಿದರೆ ಉಪಯೋಗ ಇಲ್ಲ, ಅಷ್ಟು ಒಪ್ಪುತ್ತೇನೆ.

ಪಶುವೈದ್ಯ_ಹಾಸನ:
ಸಾಕುವವರ ಕಡೆಯದೂ ಸ್ವಲ್ಪ ನೋಡಿ. ಬೆಂಗಳೂರಿಗೆ ಹೋಗುವಾಗ ಕುಣಿಗಲ್ ಸ್ಟಡ್ ಫಾರ್ಮ್ ನೋಡಿರುತ್ತೀರಿ, ಹೈದರ್-ಟಿಪ್ಪು ಕಾಲದಿಂದ ಕುದುರೆ ಸಾಕಿದ ಜಾಗ. ಮರಿ ಹುಟ್ಟಿ ರೇಸ್‌ಗೆ ಇಳಿಯಲು ಎರಡು ವರ್ಷವಾದರೂ ಬೇಕು, ತಾಯಿ ಗಬ್ಬದ 11 ತಿಂಗಳು ಬೇರೆ. ಅಂದರೆ ಇವತ್ತು ಹೆದರಿ ಕುದುರೆಗೆ ಗಬ್ಬ ಕಟ್ಟಿಸುವುದನ್ನು ನಿಲ್ಲಿಸಿದರೆ, ಮೂರು ವರ್ಷದ ನಂತರ ತೆರಿಗೆ ಇಳಿಸಿದರೂ ಓಡಲು ಕುದುರೆ ಇರುವುದಿಲ್ಲ. ಹಾಸನ_ಹುಡುಗ, ಚಿಕ್ಕಪ್ಪನಿಗೆ ಪಿಎಫ್, ಇಎಸ್‌ಐ ಇದೆಯಾ ಅಂತ ಈಗಲೇ ಕೇಳಿ.